ಎಂಜಿನ್ ಕೆಮ್ಮಿದಾಗ, ಪ್ರೊಪೆಲ್ಲರ್ ನಡುಗಿದಾಗ



ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ವಿಮಾನ ಎಂದು ನೀವು ಓದಿದ್ದೀರಿ. ಹಾಗಿದ್ದಮೇಲೆ 'ಮೋಟಾರ್ ಗ್ಲೈಡರ್' ಎಂಬ ಹೆಸರೇ ವಿಚಿತ್ರವಲ್ಲವೇ? ಬರಿಗಾಲಿನ ಚಪ್ಪಲಿ ಎಂದ ಹಾಗೆ! ಆದರೆ ಇಂಥದೊಂದು ವಾಹನ ನಿಜಕ್ಕೂ ಇದೆ, ಬಹಳ ಹಿಂದಿನಿಂದಲೂ ಇದೆ. 1935ರಲ್ಲಿಯೇ ಇಂಗ್ಲೆಂಡಿನಲ್ಲಿ ಕಾರ್ಡನ್-ಬೇನ್ಸ್ ಎಂಬ ಗ್ಲೈಡರ್ ತನ್ನ ಬೆನ್ನ ಮೇಲೆ 249 ಸಿ.ಸಿ.ಯ ಪುಟ್ಟ ವಿಲಿಯರ್ಸ್ ಎಂಜಿನ್ ಹೊತ್ತು ಹಾರಿತ್ತು. ಬೇಡವಾದಾಗ ಆ ಎಂಜಿನನ್ನು ಹೊಟ್ಟೆಯೊಳಗೆ ಮಡಚಿ ಇಡಬಹುದಾಗಿತ್ತು. ನಮ್ಮ ಮೋಟಾರ್ ಸೈಕಲ್ಲಿನ ಎಂಜಿನ್ನಿಗಿಂತ ಅದು ಬಹಳ ದೊಡ್ಡದೇನಲ್ಲ.

ಮೋಟಾರ್ ಗ್ಲೈಡರ್ ಎಂಜಿನ್ನಿನ ಬಲದಿಂದ ನೆಲ ಬಿಡುತ್ತದೆ. ಸಾಕಷ್ಟು ಎತ್ತರ ಸಿಕ್ಕಮೇಲೆ ಚಾಲಕ ಎಂಜಿನ್ ನಿಲ್ಲಿಸುತ್ತಾನೆ. ಆಮೇಲೆ ಹದ್ದಿನಂತೆ ಬಿಸಿಗಾಳಿಯ ಏರುಪ್ರವಾಹಗಳನ್ನು ಹುಡುಕುತ್ತಾ ನಿಶ್ಶಬ್ದವಾಗಿ ತೇಲುತ್ತಾನೆ. ಏರುಗಾಳಿ ಸಿಗದಿದ್ದರೆ ಮತ್ತೆ ಎಂಜಿನ್ ಚಾಲೂ ಮಾಡಿ ಮನೆಗೆ ಮರಳುತ್ತಾನೆ. ಇದರಲ್ಲಿ ಒಂದು ಸೂಕ್ಷ್ಮವಿದೆ. ಸಾಮಾನ್ಯ ವಿಮಾನದ ಎಂಜಿನ್ ಒಮ್ಮೆ ಹೊತ್ತಿಕೊಂಡರೆ ಇಳಿಯುವವರೆಗೆ ಓಡುತ್ತಲೇ ಇರುತ್ತದೆ. ಮೋಟಾರ್ ಗ್ಲೈಡರಿನ ಎಂಜಿನ್ ಆಕಾಶದಲ್ಲೇ ನಿಲ್ಲಬೇಕು, ಆಕಾಶದಲ್ಲೇ ಮತ್ತೆ ಹೊತ್ತಿಕೊಳ್ಳಬೇಕು. ಅದರ ಪ್ರೊಪೆಲ್ಲರ್ ಏರುವಾಗ ಒಂದು ರೀತಿ, ತೇಲುವಾಗ ಇನ್ನೊಂದು ರೀತಿ ವರ್ತಿಸಬೇಕು. ಕೆಡಲು ಅವಕಾಶಗಳು ಹೆಚ್ಚು. ಆದ್ದರಿಂದ ದೋಷವನ್ನು ಕಂಡುಹಿಡಿಯುವ ಕಲೆ ಇಲ್ಲಿ ಬಹಳ ಮುಖ್ಯ. ಇಂದು ಆ ಕಲೆಯನ್ನು ಕುರಿತು ಮಾತನಾಡೋಣ.

ಊಹೆಯಲ್ಲ, ವಿಭಾಗ

ದೂರದರ್ಶನದ ಸ್ಟುಡಿಯೋದಲ್ಲಿ ಚಿತ್ರ ಇದ್ದಕ್ಕಿದ್ದಂತೆ ಮಾಯವಾದರೆ ನಾವೇನು ಮಾಡುತ್ತೇವೆ ಗೊತ್ತೇ? ಕ್ಯಾಮೆರಾ ಬಿಚ್ಚಿ ಕೂರುವುದಿಲ್ಲ. ಮೊದಲು ಬೇರೊಂದು ಕ್ಯಾಮೆರಾವನ್ನು ಅದೇ ಕೇಬಲ್ಲಿಗೆ ಜೋಡಿಸುತ್ತೇವೆ. ಚಿತ್ರ ಬಂದರೆ ದೋಷ ಕ್ಯಾಮೆರಾದಲ್ಲಿ; ಬಾರದಿದ್ದರೆ ಕೇಬಲ್ಲಿನಲ್ಲಿ ಅಥವಾ ಅದರ ಮುಂದೆ. ಒಂದೇ ಪರೀಕ್ಷೆಯಲ್ಲಿ ಹುಡುಕಬೇಕಾದ ಜಾಗ ಅರ್ಧಕ್ಕೆ ಇಳಿಯಿತು. ವಿಮಾನದ ಮೆಕ್ಯಾನಿಕ್ ಮಾಡುವುದೂ ಇದನ್ನೇ. ಅವನ ನಿಯಮಗಳು ಮೂರು. ಯಾವಾಗ, ಹೇಗೆ, ಎಷ್ಟು ಎಂದು ಮೊದಲು ಲಕ್ಷಣವನ್ನು ಸರಿಯಾಗಿ ಬರೆದುಕೊಳ್ಳಬೇಕು. ದೋಷದ ಕ್ಷೇತ್ರವನ್ನು ಎರಡಾಗಿ ಒಡೆಯುವ ಪರೀಕ್ಷೆ ಮಾಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಪ್ಲಗ್ಗನ್ನೂ ಕಾರ್ಬುರೇಟರನ್ನೂ ಒಟ್ಟಿಗೆ ಬದಲಿಸಿ ಎಂಜಿನ್ ಸರಿಹೋಯಿತು ಎನ್ನಿ. ರೋಗ ಯಾವುದಿತ್ತೆಂದು ನಮಗೆ ತಿಳಿಯುವುದೇ ಇಲ್ಲ. ಅದು ಮರಳಿ ಬಂದಾಗ ಮತ್ತೆ ಕತ್ತಲಲ್ಲಿ ತಡಕಾಡಬೇಕು.

ಎಂಜಿನ್ ಕೇಳುವುದು ಮೂರೇ ವಸ್ತು

ಪೆಟ್ರೋಲ್ ಎಂಜಿನ್ ಓಡಲು ಮೂರು ಸಂಗತಿಗಳು ಬೇಕು: ಸರಿಯಾದ ಪ್ರಮಾಣದಲ್ಲಿ ಗಾಳಿ ಬೆರೆತ ಇಂಧನ, ಸರಿಯಾದ ಕ್ಷಣದಲ್ಲಿ ಕಿಡಿ, ಸಾಕಷ್ಟು ಸಂಪೀಡನ. ಎಂಜಿನ್ ಹೊತ್ತದಿದ್ದರೆ ಅಥವಾ ಕೆಮ್ಮುತ್ತಿದ್ದರೆ ಈ ಮೂರರಲ್ಲಿ ಒಂದು ಕೈಕೊಟ್ಟಿದೆ ಎಂದೇ ಅರ್ಥ.

ಮೊದಲು ಇಂಧನವನ್ನು ನೋಡೋಣ. ಎಂಜಿನ್ ಸರಾಗವಾಗಿ ಹೊತ್ತಿಕೊಂಡು ಕೆಲವು ನಿಮಿಷ ಚೆನ್ನಾಗಿ ಓಡಿ, ಆಮೇಲೆ ಸೊರಗಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊತ್ತಿಕೊಳ್ಳುತ್ತದೆ. ಏನಿರಬಹುದು? ಎಣ್ಣೆಯ ಡಬ್ಬಕ್ಕೆ ಒಂದೇ ತೂತು ಕೊರೆದು ಸುರಿಯಲು ಪ್ರಯತ್ನಿಸಿದ್ದೀರಾ? ಎಣ್ಣೆ ಮೊದಲು ಬರುತ್ತದೆ, ಆಮೇಲೆ ಗೊಳಕ್ ಗೊಳಕ್ ಎಂದು ನಿಲ್ಲುತ್ತದೆ. ಇನ್ನೊಂದು ತೂತು ಕೊರೆದರೆ ಗಾಳಿ ಒಳನುಗ್ಗಿ ಎಣ್ಣೆ ಧಾರೆಯಾಗಿ ಇಳಿಯುತ್ತದೆ. ಇಂಧನ ಟ್ಯಾಂಕಿಗೂ ಇಂಥದೊಂದು ಗಾಳಿಕಿಂಡಿ ಇರುತ್ತದೆ. ಹ್ಯಾಂಗರಿನಲ್ಲಿ ನಿಂತ ವಿಮಾನದ ಆ ಕಿಂಡಿಯಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿದರೆ ಸಾಕು! ಟ್ಯಾಂಕಿನ ಮುಚ್ಚಳ ತೆರೆದಾಗ 'ಸುಯ್' ಎಂದು ಗಾಳಿ ಒಳಗೆ ಎಳೆದುಕೊಂಡರೆ ರೋಗ ಪತ್ತೆಯಾಯಿತು.

ಎರಡನೆಯ ಶತ್ರು ನೀರು. ಪೆಟ್ರೋಲಿಗಿಂತ ನೀರಿನ ಸಾಂದ್ರತೆ ಹೆಚ್ಚು. ಆದ್ದರಿಂದ ಅದು ಟ್ಯಾಂಕಿನ ತಳ ಸೇರುತ್ತದೆ. ಪ್ರತಿದಿನದ ಮೊದಲ ಹಾರಾಟಕ್ಕೆ ಮುನ್ನ ತಳದ ನಲ್ಲಿಯಿಂದ ಸ್ವಲ್ಪ ಇಂಧನವನ್ನು ಪಾರದರ್ಶಕ ಲೋಟಕ್ಕೆ ಬಿಟ್ಟು ನೋಡುವುದು ಇದಕ್ಕಾಗಿಯೇ. ಈಗ ಇನ್ನೊಂದು ತೊಡಕೂ ಸೇರಿದೆ. ನಮ್ಮ ದೇಶದ ಪೆಟ್ರೋಲ್ ಬಂಕ್‌ಗಳಲ್ಲಿ ಸಿಗುವ ಇಂಧನದಲ್ಲಿ 2025ರ ವೇಳೆಗೆ ಸುಮಾರು ಶೇಕಡಾ 20ರಷ್ಟು ಎಥನಾಲ್ ಬೆರೆತಿದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಮಿತಿ ಮೀರಿದಾಗ ನೀರೂ ಎಥನಾಲೂ ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಅನೇಕ ಮೋಟಾರ್ ಗ್ಲೈಡರುಗಳಲ್ಲಿರುವ ಆಸ್ಟ್ರಿಯಾದ ರೋಟಾಕ್ಸ್ 912 ಎಂಜಿನ್ನಿಗೆ ತಯಾರಕರು ಒಪ್ಪಿರುವ ಎಥನಾಲ್ ಪ್ರಮಾಣ ಹೆಚ್ಚೆಂದರೆ ಶೇಕಡಾ 10. ಸ್ಕೂಟರಿಗೆ ಹಾಕಿದ್ದನ್ನೇ ವಿಮಾನಕ್ಕೂ ಹಾಕಿದರಾಯಿತು ಎನ್ನುವಂತಿಲ್ಲ.

ಮೂರನೆಯದು ನಂಬಲು ಕಷ್ಟವಾದದ್ದು: ಬೇಸಿಗೆಯಲ್ಲೂ ಎಂಜಿನ್ನಿನೊಳಗೆ ಮಂಜುಗಡ್ಡೆ! ಕಾರ್ಬುರೇಟರಿನ ಇಕ್ಕಟ್ಟಾದ ಕತ್ತಿನಲ್ಲಿ ಗಾಳಿ ವೇಗವಾಗಿ ನುಗ್ಗುವಾಗ ಅದರ ಒತ್ತಡ ಇಳಿಯುತ್ತದೆ. ಜೊತೆಗೆ ಪೆಟ್ರೋಲ್ ಆವಿಯಾಗಲು ಬೇಕಾದ ಶಾಖವನ್ನು ಸುತ್ತಲಿನ ಗಾಳಿಯಿಂದಲೇ ಕಸಿದುಕೊಳ್ಳುತ್ತದೆ. ಅಂಗೈ ಮೇಲೆ ಸ್ಪಿರಿಟ್ ಹಾಕಿಕೊಂಡರೆ ತಣ್ಣಗಾಗುತ್ತದಲ್ಲ, ಅದೇ ತತ್ವ. ಹೊರಗಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಇದ್ದರೂ ಕಾರ್ಬುರೇಟರಿನ ಒಳಗೆ ಸೊನ್ನೆಗಿಂತ ಕೆಳಗಿಳಿಯಬಹುದು. ಗಾಳಿಯಲ್ಲಿ ತೇವವಿದ್ದರೆ ಗೋಡೆಗೆ ಹಿಮ ಕಟ್ಟಿ ದಾರಿ ಕಿರಿದಾಗುತ್ತದೆ. ಲಕ್ಷಣವೇನು? ಥ್ರಾಟಲ್ ಮುಟ್ಟದಿದ್ದರೂ ಎಂಜಿನ್ನಿನ ಸುತ್ತುಗಳು ನಿಧಾನವಾಗಿ ಇಳಿಯುತ್ತವೆ. ಚಾಲಕ ಬಿಸಿಗಾಳಿಯ ಗುಂಡಿ ಎಳೆದರೆ ಮೊದಲು ಎಂಜಿನ್ ಇನ್ನೂ ಒರಟಾಗುತ್ತದೆ, ಏಕೆಂದರೆ ಕರಗಿದ ನೀರನ್ನು ಅದು ನುಂಗಬೇಕು. ಆಮೇಲೆ ಚೇತರಿಸಿಕೊಳ್ಳುತ್ತದೆ. ಮೊದಲ ಒರಟುತನಕ್ಕೆ ಹೆದರಿ ಗುಂಡಿಯನ್ನು ಹಿಂದಕ್ಕೆ ತಳ್ಳಿದರೆ ಔಷಧವನ್ನು ಅರ್ಧಕ್ಕೇ ನಿಲ್ಲಿಸಿದಂತೆ.

ಕಿಡಿಯ ಕಥೆ

ರೋಟಾಕ್ಸ್ 912ರಲ್ಲಿ ಕಿಡಿ ಹಾರಿಸುವ ಎರಡು ಸ್ವತಂತ್ರ ಮಂಡಲಗಳಿವೆ. ಪ್ರತಿ ಸಿಲಿಂಡರಿಗೂ ಎರಡು ಪ್ಲಗ್. ಒಂದು ಮಂಡಲ ಸತ್ತರೂ ಇನ್ನೊಂದು ಎಂಜಿನ್ನನ್ನು ಓಡಿಸುತ್ತದೆ. ನೆಲ ಬಿಡುವ ಮುನ್ನ ಚಾಲಕ ಎಂಜಿನ್ನನ್ನು ನಿಮಿಷಕ್ಕೆ 4000 ಸುತ್ತುಗಳಲ್ಲಿ ಓಡಿಸಿ ಒಂದೊಂದೇ ಮಂಡಲವನ್ನು ಆರಿಸಿ ನೋಡುತ್ತಾನೆ. ಒಂದೇ ಕಿಡಿಯಲ್ಲಿ ಇಂಧನ ತುಸು ನಿಧಾನವಾಗಿ ಉರಿಯುವುದರಿಂದ ಸುತ್ತುಗಳು ಸ್ವಲ್ಪ ಇಳಿಯುವುದು ಸಹಜ. ಇಳಿಕೆ 300 ಸುತ್ತುಗಳನ್ನು ಮೀರಬಾರದು. ಎರಡು ಮಂಡಲಗಳ ಇಳಿಕೆಯ ನಡುವಿನ ವ್ಯತ್ಯಾಸ ಸುಮಾರು 115ನ್ನು ದಾಟಬಾರದು. ಒಂದರಲ್ಲಿ ಮಾತ್ರ ಹೆಚ್ಚು ಇಳಿದರೆ? ಇಂಧನವೂ ಸಂಪೀಡನವೂ ಎರಡು ಮಂಡಲಗಳಿಗೆ ಸಮಾನ. ಆದ್ದರಿಂದ ದೋಷ ಓಡುತ್ತಿರುವ ಆ ಮಂಡಲದ ಪ್ಲಗ್ಗು, ತಂತಿ ಅಥವಾ ಸುರುಳಿಯಲ್ಲೇ ಇದೆ. ನೋಡಿ, ಒಂದು ಗುಂಡಿ ಒತ್ತುವುದರಲ್ಲಿ ಎಷ್ಟು ತರ್ಕವಿದೆ!

ಈಗ ನಿಮಗೊಂದು ಪ್ರಶ್ನೆ. ಮಂಡಲವನ್ನು ಆರಿಸಿದರೂ ಸುತ್ತುಗಳು ಕಿಂಚಿತ್ತೂ ಇಳಿಯಲಿಲ್ಲ. ಎಂಜಿನ್ ಅತ್ಯುತ್ತಮ ಸ್ಥಿತಿಯಲ್ಲಿದೆ ಎಂದು ಸಂತೋಷಪಡಬಹುದೇ? ಖಂಡಿತ ಬೇಡ. ಇದು ಎಲ್ಲಕ್ಕಿಂತ ಅಪಾಯದ ಲಕ್ಷಣ. ಮನೆಯ ದೀಪ ಆರಿಸಲು ನಾವು ವಿದ್ಯುತ್ತಿನ ದಾರಿಯನ್ನು ಕಡಿಯುತ್ತೇವೆ. ವಿಮಾನದ ಮ್ಯಾಗ್ನೆಟೊ ಹಾಗಲ್ಲ. ಅದು ತಾನೇ ವಿದ್ಯುತ್ ಹುಟ್ಟಿಸಿಕೊಳ್ಳುತ್ತದೆ. ಅದನ್ನು ಸುಮ್ಮನಾಗಿಸಲು ಅದರ ತಂತಿಯನ್ನು ಎಂಜಿನ್ನಿನ ಲೋಹಕ್ಕೆ ಜೋಡಿಸಬೇಕು, ಅಂದರೆ ಅರ್ತ್ ಮಾಡಬೇಕು. ಆ ಅರ್ತ್ ತಂತಿ ಎಲ್ಲೋ ತುಂಡಾಗಿದ್ದರೆ ಸ್ವಿಚ್ 'ಆಫ್' ತೋರಿಸಿದರೂ ಮ್ಯಾಗ್ನೆಟೊ ಜೀವಂತ. ಯಾರಾದರೂ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿದರೆ ಒಂದು ಕಿಡಿ ಹಾರಿ ಎಂಜಿನ್ ಒದೆಯಬಹುದು.

ಕೈಯಿಂದ ಪ್ರೊಪೆಲ್ಲರ್ ತಿರುಗಿಸುವ ಪ್ರಮೇಯ ಏಕೆ ಬರುತ್ತದೆ ಎನ್ನುವಿರಾ? ದಿನವೂ ಬರುತ್ತದೆ. ರೋಟಾಕ್ಸ್ 912ರ ಎಣ್ಣೆ ಬೇರೊಂದು ತೊಟ್ಟಿಯಲ್ಲಿರುತ್ತದೆ. ಎಂಜಿನ್ ನಿಂತಮೇಲೆ ಎಣ್ಣೆಯ ಒಂದು ಪಾಲು ಎಂಜಿನ್ನಿನ ತಳದಲ್ಲೇ ಉಳಿದಿರುತ್ತದೆ. ಪ್ರೊಪೆಲ್ಲರನ್ನು ಎಂಜಿನ್ ಓಡುವ ದಿಕ್ಕಿನಲ್ಲೇ ಹಲವು ಸುತ್ತು ತಿರುಗಿಸಿದಾಗ ಎಣ್ಣೆ ತೊಟ್ಟಿಗೆ ಮರಳಿ 'ಗುಳುಗುಳು' ಸದ್ದು ಕೇಳುತ್ತದೆ. ಅಳತೆಕಡ್ಡಿ ಅದ್ದುವುದು ಆಮೇಲೆ. ಆದ್ದರಿಂದ ವಿಮಾನ ನಿಲ್ದಾಣದಲ್ಲಿ ಹಿರಿಯರು ಹೇಳುವ ಮಾತನ್ನು ಈಗಲೇ ಕಲಿತುಬಿಡಿ: ಪ್ರೊಪೆಲ್ಲರ್ ಯಾವಾಗಲೂ ಜೀವಂತ. ನೀವು ಎನ್.ಸಿ.ಸಿ. ವಾಯುವಿಭಾಗದ ಕೆಡೆಟ್ ಆಗಿರಲಿ, ವಿಮಾನ ನೋಡಲು ಬಂದ ಅತಿಥಿಯಾಗಿರಲಿ, ಅನುಮತಿಯಿಲ್ಲದೆ ಅದನ್ನು ಮುಟ್ಟಬೇಡಿ, ಅದು ಸುತ್ತುವ ವೃತ್ತದೊಳಗೆ ನಿಲ್ಲಬೇಡಿ.

ಎಲ್ಲಿಂದ ಬಂತು ಸುಯ್ಯೆಂಬ ಸದ್ದು?

ಸಂಪೀಡನ ಪರೀಕ್ಷಿಸುವ ಕ್ರಮವೂ ಸೊಗಸಾದದ್ದು. ಪಿಸ್ಟನ್ ಮೇಲ್ತುದಿಯಲ್ಲಿರುವಾಗ ಪ್ಲಗ್ಗಿನ ರಂಧ್ರದ ಮೂಲಕ ಒತ್ತಡದ ಗಾಳಿಯನ್ನು ಸಿಲಿಂಡರಿಗೆ ಕಳುಹಿಸಿ, ಎಷ್ಟು ಸೋರುತ್ತದೆ ಎಂದು ಮಾಪಕದಲ್ಲಿ ನೋಡುತ್ತಾರೆ. ಆಮೇಲೆ ಕಿವಿಗೆ ಕೆಲಸ. ಹೊಗೆ ಕೊಳವೆಯಲ್ಲಿ ಸುಯ್ಯೆಂದರೆ ಹೊರಹರಿವಿನ ಕವಾಟ ಸರಿಯಾಗಿ ಕೂರುತ್ತಿಲ್ಲ. ಕಾರ್ಬುರೇಟರಿನಲ್ಲಿ ಸುಯ್ಯೆಂದರೆ ಒಳಹರಿವಿನ ಕವಾಟ. ಎಣ್ಣೆಯ ಕಡೆಯ ಉಸಿರು ಕೊಳವೆಯಲ್ಲಿ ಕೇಳಿದರೆ ಪಿಸ್ಟನ್ ರಿಂಗುಗಳು ಸವೆದಿವೆ. ಎಂಜಿನ್ನನ್ನು ಬಿಚ್ಚದೆಯೇ ರೋಗದ ವಿಳಾಸ ಸಿಕ್ಕಿತು. ವೈದ್ಯರು ಎದೆಗೆ ಸ್ಟೆತಾಸ್ಕೋಪ್ ಇಡುವುದಕ್ಕೂ ಇದಕ್ಕೂ ವ್ಯತ್ಯಾಸವೇನಿದೆ?

ಪ್ರೊಪೆಲ್ಲರ್ ಎಂಬ ಗೇರು

ಎಂಜಿನ್ ಆರೋಗ್ಯವಾಗಿದ್ದರೂ ವಿಮಾನ ಏರದಿರಬಹುದು. ಆಗ ಪ್ರೊಪೆಲ್ಲರನ್ನು ನೋಡಬೇಕು. ರೋಟಾಕ್ಸ್ 912 ಪೂರ್ಣ ಶಕ್ತಿಯಲ್ಲಿ ನಿಮಿಷಕ್ಕೆ 5800 ಸುತ್ತು ತಿರುಗುತ್ತದೆ. ಪ್ರೊಪೆಲ್ಲರನ್ನು ಅದಕ್ಕೆ ನೇರವಾಗಿ ಜೋಡಿಸಿದರೆ ಏನಾಗುತ್ತದೆ? ವ್ಯಾಸ 1.7 ಮೀಟರ್ ಎಂದುಕೊಳ್ಳಿ. ಪರಿಧಿ ಸುಮಾರು 5.34 ಮೀಟರ್. ಸೆಕೆಂಡಿಗೆ ಸುಮಾರು 97 ಸುತ್ತು. ಅಂದರೆ ಅಲಗಿನ ತುದಿ ಸೆಕೆಂಡಿಗೆ 500 ಮೀಟರಿಗಿಂತ ವೇಗವಾಗಿ ಓಡಬೇಕು. ಶಬ್ದದ ವೇಗವೇ ಸುಮಾರು 340 ಮೀಟರ್! ಅಲಗು ಗಾಳಿಯನ್ನು ತಳ್ಳುವ ಬದಲು ಆಘಾತ ತರಂಗಗಳನ್ನೆಬ್ಬಿಸಿ ಶಕ್ತಿ ಪೋಲು ಮಾಡುತ್ತದೆ. ಆದ್ದರಿಂದ ನಡುವೆ ಗೇರ್ ಪೆಟ್ಟಿಗೆ ಇಟ್ಟು ವೇಗವನ್ನು 2.43ರಲ್ಲಿ ಒಂದು ಪಾಲಿಗೆ ಇಳಿಸುತ್ತಾರೆ. ಆಗ ಪ್ರೊಪೆಲ್ಲರ್ ಸೆಕೆಂಡಿಗೆ ಸುಮಾರು 40 ಸುತ್ತು ತಿರುಗುತ್ತದೆ, ತುದಿಯ ವೇಗ ಸುಮಾರು 212 ಮೀಟರಿಗೆ ಇಳಿಯುತ್ತದೆ.

ಮೋಟಾರ್ ಗ್ಲೈಡರಿನ ಅಲಗುಗಳ ಕೋನವನ್ನು ಹಾರುತ್ತಲೇ ಬದಲಿಸಬಹುದು. ಜರ್ಮನಿಯ ಗ್ರೋಬ್ 109ಬಿ ಎಂಬ ಎರಡಾಸನದ ಮೋಟಾರ್ ಗ್ಲೈಡರಿನಲ್ಲಿ ಮೂರು ಸ್ಥಾನಗಳಿವೆ: ಏರಲು ಸಣ್ಣ ಕೋನ, ಸಾಗಲು ದೊಡ್ಡ ಕೋನ, ತೇಲಲು ಅಲಗು ಗಾಳಿಗೆ ಅಂಚು ಕೊಟ್ಟು ನಿಲ್ಲುವ ಕೋನ. ಕೊನೆಯದಕ್ಕೆ 'ಫೆದರ್' ಎನ್ನುತ್ತಾರೆ. ದೋಣಿಯ ಅಂಬಿಗ ಹುಟ್ಟನ್ನು ಅಡ್ಡ ಹಿಡಿದರೆ ನೀರು ತಡೆಯುತ್ತದೆ, ಅಂಚು ತಿರುಗಿಸಿದರೆ ಸೀಳಿಕೊಂಡು ಹೋಗುತ್ತದೆ. ಇದೂ ಹಾಗೆಯೇ.

ಈಗ ಲಕ್ಷಣವನ್ನು ನೋಡೋಣ. ಥ್ರಾಟಲ್ ಪೂರ್ತಿ ತೆರೆದಿದೆ, ಆದರೆ ಸುತ್ತುಗಳು ಏರುತ್ತಿಲ್ಲ, ಎಂಜಿನ್ ನರಳುತ್ತಿದೆ. ಎಂಜಿನ್ ದುರ್ಬಲವಾಗಿದೆಯೇ? ಇರಬಹುದು. ಆದರೆ ಅಲಗು ಸಾಗುವ ಕೋನದಲ್ಲೇ ಸಿಕ್ಕಿಕೊಂಡಿದ್ದರೂ ಇದೇ ಲಕ್ಷಣ. ಆಗುಂಬೆ ಘಾಟಿಯಲ್ಲಿ ಬಸ್ಸನ್ನು ನಾಲ್ಕನೇ ಗೇರಿನಲ್ಲಿ ಹತ್ತಿಸಲು ಹೊರಟ ಹಾಗೆ. ಎರಡು ಬೇರೆ ರೋಗಗಳಿಗೆ ಒಂದೇ ಜ್ವರ! ಬೇರ್ಪಡಿಸುವುದು ಹೇಗೆ? ಎಂಜಿನ್ ನಿಲ್ಲಿಸಿ, ಅಲಗಿನ ಕೋನವನ್ನು ಅಳೆದು ನೋಡುವುದು. ಕೋನ ಸರಿಯಿದ್ದರೆ ಮಾತ್ರ ಎಂಜಿನ್ನಿನ ಕಡೆ ತಿರುಗಬೇಕು. ಇದಕ್ಕೆ ವಿರುದ್ಧವಾಗಿ ಸುತ್ತುಗಳು ಮಿತಿ ಮೀರಿ ಏರಿ, ವಿಮಾನ ಮಾತ್ರ ಮುಂದೆ ನುಗ್ಗದಿದ್ದರೆ ಕೋನ ತೀರಾ ಸಣ್ಣದಾಗಿದೆಯೇ ಎಂದು ಮೊದಲು ಸಂಶಯಿಸಬೇಕು.

ಹತ್ತು ಗ್ರಾಮಿನ ಐವತ್ತು ಕಿಲೋ

ಇನ್ನು ನಡುಕ. ಒಂದು ಅಲಗು ಇನ್ನೊಂದಕ್ಕಿಂತ ಬರೀ 10 ಗ್ರಾಂ ಭಾರವಾಗಿದೆ ಎನ್ನಿ. ಕಲ್ಲು ಬಡಿದು ಅಂಚು ಒಡೆದಿರಬಹುದು, ಮರದ ಅಲಗು ತೇವ ಕುಡಿದಿರಬಹುದು. ಆ 10 ಗ್ರಾಂ ನಡುವಿನಿಂದ 0.8 ಮೀಟರ್ ದೂರದಲ್ಲಿದ್ದು, ಪ್ರೊಪೆಲ್ಲರ್ ನಿಮಿಷಕ್ಕೆ 2400 ಸುತ್ತು ತಿರುಗುತ್ತಿದೆ. ನಿಮ್ಮ ಭೌತಶಾಸ್ತ್ರದ ಸೂತ್ರ ಬಳಸಿ: ದ್ರವ್ಯರಾಶಿ, ಕೋನೀಯ ವೇಗದ ವರ್ಗ, ತ್ರಿಜ್ಯ ಇವುಗಳ ಗುಣಲಬ್ಧ. ಉತ್ತರ ಸುಮಾರು 505 ನ್ಯೂಟನ್. ಅಂದರೆ ಸುಮಾರು 50 ಕಿಲೋ ತೂಕದ ಸಿಮೆಂಟ್ ಚೀಲವೊಂದು ಸೆಕೆಂಡಿಗೆ 40 ಬಾರಿ ದಿಕ್ಕು ಬದಲಿಸುತ್ತಾ ಎಂಜಿನ್ನನ್ನು ಜಗ್ಗಿದ ಹಾಗೆ. ಬೋಲ್ಟುಗಳು ಸಡಿಲವಾಗುವುದೂ, ಕೊಳವೆಗಳು ಬಿರುಕು ಬಿಡುವುದೂ ಆಶ್ಚರ್ಯವೇನಲ್ಲ.

ನಡುಕ ಎಲ್ಲಿಂದ ಎಂದು ತಿಳಿಯಲು ಆವರ್ತನವನ್ನು ಅಳೆಯಬೇಕು. ಸೆಕೆಂಡಿಗೆ ಸುಮಾರು 40 ಬಾರಿ ನಡುಗಿದರೆ ಪ್ರೊಪೆಲ್ಲರಿನ ಅಸಮತೋಲ. 97ರ ಆಸುಪಾಸಿನಲ್ಲಿದ್ದರೆ ಎಂಜಿನ್ನಿನ ಕಡೆಯದು. ನಿಧಾನ ಓಟದಲ್ಲಿ ಮಾತ್ರ ಕುಲುಕಿ, ವೇಗ ಹೆಚ್ಚಿದಾಗ ನಯವಾದರೆ ಎರಡು ಕಾರ್ಬುರೇಟರುಗಳು ಒಂದಕ್ಕೊಂದು ಹೊಂದಿಕೊಂಡಿಲ್ಲವೆಂದು ಊಹಿಸಬಹುದು. ಜೋಡೆತ್ತುಗಳಲ್ಲಿ ಒಂದು ಮುಂದೆ ಎಳೆದು ಇನ್ನೊಂದು ಹಿಂದುಳಿದರೆ ಗಾಡಿ ಕುಲುಕುವುದಿಲ್ಲವೇ? ತೂಕ ಸರಿಯಿದ್ದೂ ನಡುಗಿದರೆ ಅಲಗುಗಳ ಜಾಡು ನೋಡಬೇಕು. ಅಲಗಿನ ತುದಿಯ ಬಳಿ ಒಂದು ಗೂಟ ನಿಲ್ಲಿಸಿ, ಕಿಡಿಯ ವ್ಯವಸ್ಥೆ ಸತ್ತಿದೆ ಎಂದು ಖಚಿತಪಡಿಸಿಕೊಂಡು, ನಿಧಾನವಾಗಿ ತಿರುಗಿಸಬೇಕು. ಎರಡು ತುದಿಗಳೂ ಗೂಟದಿಂದ ಒಂದೇ ದೂರದಲ್ಲಿ ಹಾದುಹೋಗಬೇಕು.

ಆಕಾಶದಲ್ಲಿ ದೋಷಪತ್ತೆಗೆ ಒಂದು ಗೆರೆ

ಇದುವರೆಗೆ ಹೇಳಿದ್ದೆಲ್ಲ ನೆಲದ ಮೇಲಿನ ಕೆಲಸ. ಸಮಯ ಧಾರಾಳವಾಗಿದೆ. ಗಾಳಿಯಲ್ಲಿ ಹಾಗಿಲ್ಲ. ತೇಲಿ ತೇಲಿ ಎತ್ತರ ಕಳೆದುಕೊಂಡ ಚಾಲಕ ಎಂಜಿನ್ ಗುಂಡಿ ಒತ್ತುತ್ತಾನೆ, ಅದು ಹೊತ್ತಿಕೊಳ್ಳುವುದಿಲ್ಲ. ಎತ್ತರದ ಚಳಿಯಲ್ಲಿ ಎಂಜಿನ್ ತಣ್ಣಗಾಗಿದೆ, ಎಣ್ಣೆ ಗಟ್ಟಿಯಾಗಿದೆ, ಬ್ಯಾಟರಿ ಸೊರಗಿದೆ. ಅವನು ಮತ್ತೆ ಒತ್ತುತ್ತಾನೆ, ಇನ್ನೊಮ್ಮೆ ಒತ್ತುತ್ತಾನೆ. ತಲೆಯೆಲ್ಲ ಎಂಜಿನ್ನಿನಲ್ಲೇ. ಅಷ್ಟರಲ್ಲಿ ನೆಲ ಹತ್ತಿರ ಬಂದಿರುತ್ತದೆ. ನಿಜವಾದ ಅಪಾಯ ನಿಂತ ಎಂಜಿನ್ನಿನಲ್ಲಿಲ್ಲ, ಅದರಲ್ಲೇ ಮುಳುಗಿಹೋದ ಮನಸ್ಸಿನಲ್ಲಿದೆ.

ಏಕೆಂದರೆ ಅವನ ಕೈಯಲ್ಲಿರುವುದು ಗ್ಲೈಡರ್! ಗ್ರೋಬ್ 109ಬಿ ಅಲಗುಗಳನ್ನು ಫೆದರ್ ಮಾಡಿಕೊಂಡು ಒಂದು ಕಿಲೋಮೀಟರ್ ಇಳಿಯುವಷ್ಟರಲ್ಲಿ ಸುಮಾರು 28 ಕಿಲೋಮೀಟರ್ ಮುಂದೆ ಸಾಗಬಲ್ಲದು. ಗಾಳಿ ಎದುರಾಗಿದ್ದರೆ ಕಡಿಮೆ. ಅಲಗುಗಳು ಫೆದರ್ ಆಗದೆ ಅಡ್ಡ ನಿಂತರೆ ಇನ್ನೂ ಕಡಿಮೆ. ಬೆನ್ನ ಮೇಲೆ ಮಡಚುವ ಎಂಜಿನ್ನಿರುವ ಬಗೆಯಲ್ಲಿ ಎಂಜಿನ್ ಹೊರಗೆ ಚಾಚಿ ನಿಂತು ಓಡದಿದ್ದರೆ ತೇಲುವ ಶಕ್ತಿ ಬಹಳಷ್ಟು ಕುಸಿಯುತ್ತದೆ. ಆದ್ದರಿಂದ ತರಬೇತಾದ ಚಾಲಕ ನೆಲದ ಮೇಲಿರುವಾಗಲೇ ಒಂದು ಎತ್ತರದ ಗೆರೆ ಎಳೆದುಕೊಂಡಿರುತ್ತಾನೆ. ಎಂಜಿನ್ ಚಾಲೂ ಮಾಡಲು ಹೊರಡುವ ಮುನ್ನವೇ ಇಳಿಯಲು ತಕ್ಕ ಬಯಲನ್ನು ಆರಿಸಿಕೊಂಡಿರುತ್ತಾನೆ. ಗೆರೆಯ ಮೇಲಿದ್ದರೆ ಇಂಧನದ ನಲ್ಲಿ, ಪಂಪು, ಚೋಕ್, ಕಿಡಿಯ ಸ್ವಿಚ್ ಎಂದು ಕ್ರಮವಾಗಿ ನೋಡುತ್ತಾನೆ. ಗೆರೆ ದಾಟಿದೊಡನೆ ಎಂಜಿನ್ನನ್ನು ಮರೆತು ಬಯಲಿನತ್ತ ಹಾರುತ್ತಾನೆ. ಆಗ ಅವನ ಪಾಲಿಗೆ ಎಂಜಿನ್ ಎಂಬುದೇ ಇಲ್ಲ.

ಬರೆದಿಡುವ ಶಿಸ್ತೂ ಇಷ್ಟೇ ಮುಖ್ಯ. ಗ್ರೋಬ್ 109ಬಿಯನ್ನು ಬ್ರಿಟನ್ನಿನ ವಾಯುಪಡೆ 'ವಿಜಿಲೆಂಟ್' ಎಂಬ ಹೆಸರಿನಲ್ಲಿ ತನ್ನ ಕೆಡೆಟ್‌ಗಳ ತರಬೇತಿಗೆ ಬಳಸುತ್ತಿತ್ತು. ನಿಮ್ಮದೇ ವಯಸ್ಸಿನ, 16 ತುಂಬಿದ ಹುಡುಗ ಹುಡುಗಿಯರು ಅದರಲ್ಲಿ ಒಂಟಿಯಾಗಿ ಹಾರಿದ್ದಾರೆ. 2014ರ ಏಪ್ರಿಲ್‌ನಲ್ಲಿ ಹಾರಾಟಯೋಗ್ಯತೆಯ ನಿರ್ವಹಣೆಯಲ್ಲಿ ಕೊರತೆಗಳು ಕಂಡಾಗ ಕೆಡೆಟ್ ಗ್ಲೈಡರುಗಳ ಹಾರಾಟವನ್ನೇ ನಿಲ್ಲಿಸಲಾಯಿತು. 2018ರಲ್ಲಿ ವಿಜಿಲೆಂಟ್ ಸೇವೆಯಿಂದಲೇ ನಿವೃತ್ತವಾಯಿತು. ವಿಮಾನ ಸರಿಯಾಗಿದೆ ಎಂಬ ನಂಬಿಕೆ ಸಾಲದು. ಸರಿಯಾಗಿದೆ ಎಂದು ತೋರಿಸುವ ದಾಖಲೆಯೂ ಬೇಕು.

ಇವೆಲ್ಲ ದೂರದ ವಿಷಯವೆಂದು ಭಾವಿಸಬೇಡಿ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ ಹಂಸ-3 ತರಬೇತಿ ವಿಮಾನದಲ್ಲಿರುವುದು ರೋಟಾಕ್ಸ್ 914, ಅಂದರೆ ನಾವು ಮಾತನಾಡಿದ 912ರ ದಾಯಾದಿಯೇ. ಇದೇ ಬಗೆಯ ಎಂಜಿನ್ನಿಗೆ ಕಿವಿಗೊಡುವ ಕೆಲಸ ನಾಳೆ ನಿಮ್ಮದಾಗಬಹುದು.

ಅಲ್ಲಿಯವರೆಗೆ ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ. ಮುಂದಿನ ಚಕ್ರವನ್ನು ಮೆಲ್ಲನೆ ತಿರುಗಿಸಿ ಬಿಡಿ. ಹಲವು ಬಾರಿ ಮಾಡಿದರೂ ಅದೇ ಜಾಗ ಕೆಳಗೆ ಬಂದು ನಿಂತರೆ ಅದೇ ಭಾರದ ಬದಿ. ಅದರ ಎದುರು ಬದಿಯ ಕಡ್ಡಿಗೆ ಸ್ವಲ್ಪ ಸ್ವಲ್ಪವೇ ತಂತಿ ಸುತ್ತಿ, ಚಕ್ರ ಎಲ್ಲಿ ಬೇಕಾದರೂ ನಿಲ್ಲುವಂತೆ ಮಾಡಿ. ಆಮೇಲೆ ಹಿಂದಿನ ಚಕ್ರದ ಕಡ್ಡಿಗೆ, ಅಂಚಿನ ಹತ್ತಿರ, ಒಂದು ನಟ್ಟನ್ನು ಬಿಗಿಯಾಗಿ ಕಟ್ಟಿ, ದೂರ ನಿಂತು, ಪೆಡಲ್ ತಿರುಗಿಸಿ. ಯಾವ ವೇಗದಲ್ಲಿ ಸೈಕಲ್ ಹೆಚ್ಚು ನಡುಗುತ್ತದೆ, ವೇಗ ಬದಲಾದಂತೆ ನಡುಕ ಹೇಗೆ ಬದಲಾಗುತ್ತದೆ ಎಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಬದಲಾವಣೆ ಮಾತ್ರ ಒಂದು ಸಲಕ್ಕೆ ಒಂದೇ ಇರಲಿ.